ಇಪ್ಪತ್ತಮೂರನೆಯ ಚಿತ್ರ

ಟ್ರೋಂಡ್‌ಹೈಮ್‌ನ ಈ ನೆಲಮಾಳಿಗೆಯಲ್ಲಿ
ನನ್ನ ಕೆಲಸ ಇಷ್ಟೇ:
ಹಳೆಯ ಪುಸ್ತಕದ ಚಿತ್ರಗಳನ್ನು
ನಿನ್ನ ಯಜಮಾನರು ಯಾರು ಎಂದು ಕೇಳುವುದು,
ಅವರು ಸತ್ತು ಎಪ್ಪತ್ತು ವರ್ಷ ತುಂಬಿತೇ
ಎಂದು ಬೆರಳು ಮಡಿಸಿ ಎಣಿಸುವುದು.
ತುಂಬಿದ್ದರೆ ಹಸಿರು ಚೀಟಿ. ಇನ್ನು ಅದು ಎಲ್ಲರ ಸೊತ್ತು,
ಚಹಾ ಬಟ್ಟಲ ಮೇಲೂ ಅಚ್ಚು ಹಾಕಿಕೊಳ್ಳಬಹುದು.
ತುಂಬದಿದ್ದರೆ ಕೆಂಪು.

ಸೆಪ್ಟೆಂಬರಿನಲ್ಲಿ ಫ್ರೋಯಾ ದ್ವೀಪದ ಟೀಚರು,
ಯೊರುನ್ ಎಂದು ಹೆಸರು, ಕಾಗದ ಬರೆದಳು:
ಸಾವಿರದ ಒಂಬೈನೂರ ಹನ್ನೊಂದರ ಮೀನಿನ ಪುಸ್ತಕ,
ಇಪ್ಪತ್ತಮೂರನೆಯ ಚಿತ್ರ.
ಶಾಲೆಯ ಗೋಡೆಗೆ ದೊಡ್ಡದಾಗಿ ಬಿಡಿಸಬೇಕು,
ಅಪ್ಪಣೆ ಬೇಕು.

ತೆಗೆದು ನೋಡಿದೆ.
ಬಂಡೆಗೆ ಹೊಟ್ಟೆ ಅಂಟಿಸಿ ಕೂತ
ಗುಂಡನೆಯ ಗಂಡು ಮೀನು, ಮೈತುಂಬ ಗಂಟು,
ಮುಖ ಸಾಲ ವಸೂಲಿಗೆ ಬಂದವನದು.
ಮುಂದೆ ಮೊಟ್ಟೆಗಳ ಮುದ್ದೆ.
ಹೆಣ್ಣು ಇಟ್ಟು ಹೋದದ್ದು; ಕಾಯುವವನು ಇವನು,
ವಾರಗಟ್ಟಲೆ, ಉಪವಾಸ.
ಒಡೆದು ಹೊರಟ ಮೇಲೆ ಒಂದು ಮರಿಯೂ
ತಿರುಗಿ ನೋಡುವುದಿಲ್ಲ.
ಕಲ್ಲಚ್ಚಿನ ಕೆಂಪು ಅವನ ಹೊಟ್ಟೆಯಲ್ಲಿ
ಇನ್ನೂ ಹಸಿಯಾಗಿತ್ತು.

ಪುಸ್ತಕ ಬರೆದ ಪ್ರೊಫೆಸರರು ಮೂವತ್ತೆರಡರಲ್ಲಿ ತೀರಿಕೊಂಡರು.
ಅವರ ಮಾತುಗಳೆಲ್ಲ ಎಂದೋ ಬಯಲಿಗೆ ಬಿದ್ದಿವೆ,
ಹೆಕ್ಕುವವರಿಲ್ಲ.
ಚಿತ್ರದ ಕೈ ಬೇರೆ. ಮೂಲೆಯಲ್ಲಿ ಸಣ್ಣದಾಗಿ ತೊ. ಹೆ.
ಮುನ್ನುಡಿಯ ತುದಿಯಲ್ಲಿ,
ಕಾಗದ ಒದಗಿಸಿದ ಅಂಗಡಿಯವನಾದ ಮೇಲೆ,
‘ಕುಮಾರಿ ತೊರೀನೆ ಹೆಲ್ಗಾಸ್ ಅವರಿಗೂ.’
ಆ ‘ಊ’ ಒಂದರೊಳಗೆ
ಅವಳ ಮೂರು ಚಳಿಗಾಲ.

ಸ್ವೈನುಂಗ್ ಹೇಳಿದ, ಕಾಫಿ ಕದಡುತ್ತ:
ಸತ್ತ ದಿನ ಸಿಗಲಿಲ್ಲ ಎಂದು ಬರೆ.
ಅನಾಥ ಎಂದು ಮುದ್ರೆ ಒತ್ತು, ಕಳಿಸು.
ಯಾರು ಬಂದು ಕೇಳುತ್ತಾರೆ?
ಸರಿಯೇ. ಆದರೆ ಅನಾಥ ಅನ್ನುವುದು
ಚಿತ್ರಕ್ಕೋ, ಬಿಡಿಸಿದವಳಿಗೋ?

ಚರ್ಚಿನ ದಾಖಲೆ ತೆಗೆಸಿದೆ.
ಹುಟ್ಟು ಇದೆ, ದೀಕ್ಷಾಸ್ನಾನ ಇದೆ,
ಮದುವೆಯ ಕಾಲಂ ಖಾಲಿ, ಸಾವು ಇಲ್ಲ.
ಲೆಕ್ಕದ ಪ್ರಕಾರ ತೊರೀನೆಗೆ ಈಗ
ನೂರ ಮೂವತ್ತೊಂಬತ್ತು,
ಗಟ್ಟಿಮುಟ್ಟಾಗಿದ್ದಾಳೆ.

ಕೊನೆಗೆ ಫೋನಿನಲ್ಲಿ ಓಲೌಗ್ ಸಿಕ್ಕಳು, ತೊಂಬತ್ತಾರರ ಮುದುಕಿ,
ಕಿವಿ ದೂರ, ನೆನಪು ಹತ್ತಿರ.
‘ತೊರೀನೆಯಾ? ಮೀನಿನ ತೊಟ್ಟಿಯ ಮುಂದೆ ಕೂತು
ಬೆರಳು ಮರಗಟ್ಟುವವರೆಗೆ ಗೀಚುತ್ತಿದ್ದಳಂತೆ,
ಅಮ್ಮ ಹೇಳುತ್ತಿದ್ದಳು. ಒಂದು ಚಿತ್ರಕ್ಕೆ ಎರಡು ಕ್ರೋನ.
ನಾನು ಕಂಡ ಹಾಗೆ ಉಪ್ಪುಮೀನಿನ ಶೆಡ್ಡಿನಲ್ಲಿ ಕೂಲಿ.
ಹೋದದ್ದು ನಿಮ್ಮೂರಿನ ಆಸ್ಪತ್ರೆಯಲ್ಲೇ,
ನನ್ನ ಎರಡನೆಯವನು ಹುಟ್ಟಿದ ವಾರ.’
ಎರಡನೆಯವನು ಹುಟ್ಟಿದ್ದು ಯಾವಾಗ?
‘ಐವತ್ತೇಳು, ಮಾರ್ಚ್. ಯಾಕೆ?’

ಯಾಕೆಂದು ಹೇಗೆ ಹೇಳಲಿ.
ಕೇಳದಿದ್ದರೆ ಅವತ್ತೇ ಬಿಡುಗಡೆ.
ಕೇಳಿದ ತಪ್ಪಿಗೆ ಎರಡು ವರ್ಷ ಚಿಲ್ಲರೆ ಸೆರೆ,
ಇಪ್ಪತ್ತೆಂಟರ ಜನವರಿ ಒಂದರವರೆಗೆ.
ಅವಳನ್ನು ಸಾಯಿಸಿದ್ದೂ ನಾನೇ,
ಅಲ್ಲಿಯತನಕ ಬದುಕಿಸಿ ಇಟ್ಟದ್ದೂ ನಾನೇ.

ಗೋಡೆಗೆ ಬೇಕಂತೆ ಅಂದೆ. ಓಲೌಗ್ ನಕ್ಕಳು.
‘ಬಿಡಿಸಿಕೊಳ್ಳಲಿ ಬಿಡು.
ಹೆಸರು ಹಾಕಲಿ ಆದರೆ. ಪೂರ್ತಿ ಹೆಸರು.’
ಅಪ್ಪಣೆ ಕೊಡುವ ಹಕ್ಕು ಓಲೌಗ್‌ಗೆ ಇಲ್ಲ.
ಇರುವವರು ಎಲ್ಲಿದ್ದಾರೋ,
ಅಣ್ಣತಮ್ಮಂದಿರ ಮೊಮ್ಮಕ್ಕಳು, ಇದ್ದರೆ,
ತಮಗೊಂದು ಮೀನು ಇದೆಯೆಂದು ತಿಳಿಯದೆ.

ಕೆಂಪು ಚೀಟಿ ಅಂಟಿಸಿದೆ. ಯೊರುನ್‌ಗೆ ಬರೆದೆ.
ಅವಳ ಉತ್ತರ ಒಂದೇ ಸಾಲು:
ನನ್ನ ಏಳನೆಯ ತರಗತಿ ಅಷ್ಟರಲ್ಲಿ
ದೋಣಿ ಹತ್ತಿ ಹೋಗಿರುತ್ತದೆ.
ಹೌದು.

ಸೂಚಿಪತ್ರದಲ್ಲಿ ಇಷ್ಟು ದಿನ ಪ್ರೊಫೆಸರರ ಹೆಸರೊಂದೇ ಇತ್ತು.
ಕೆಳಗೆ ಸೇರಿಸಿದೆ:
ಚಿತ್ರಗಳು, ತೊರೀನೆ ಹೆಲ್ಗಾಸ್, ೧೮೮೬–೧೯೫೭.
ಆಗಲೇ ಮೂರು ಗಂಟೆ, ಹೊರಗೆ ಕತ್ತಲು.
ದೀಪ ಆರಿಸಿ ನಾನು ಮನೆಗೆ ಹೋದೆ.
ಅವನು ಬಂಡೆ ಬಿಡಲಿಲ್ಲ.